ಮಕ್ಕಳನ್ನು ಆಟಕ್ಕೆ ಹೊರಡಿಸೋದು ಹೇಗೆ? ನಿಮ್ಮ ಮನೆಯ ಅನುಭವ ಹೇಳಿ

ಕೇಳಿದವರು: ಮಗಳು ಎಂಟನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಶಾಲೆ, ಟ್ಯೂಷನ್, ಆಮೇಲೆ ಮೊಬೈಲ್. ಬೈದಿದ್ದಾಯಿತು, ಆಸೆ ತೋರಿಸಿದ್ದಾಯಿತು. ಇಬ್ಬರೂ ಮೈ ಬಗ್ಗಿಸುವುದಿಲ್ಲ. ನೀವೆಲ್ಲ ಏನು ಮಾಡಿದಿರಿ?

ಮೈಸೂರಿನ ಒಬ್ಬ ಅಮ್ಮ: ಮಗನ ವಿಷಯ ಸುಲಭ. ಜೊತೆಗೆ ಹುಡುಗರು ಸಿಕ್ಕರೆ ಸಾಕು. ನಮ್ಮ ಬೀದಿಯಲ್ಲಿ ಐದೂವರೆಯಿಂದ ಆರೂವರೆವರೆಗೆ ಯಾರ ಮಕ್ಕಳಿಗೂ ಟ್ಯೂಷನ್ ಬೇಡ ಅಂತ ಮಾತಾಡಿಕೊಂಡೆವು. ಲಗೋರಿ, ಕ್ರಿಕೆಟ್ಟು ತಾವಾಗಿಯೇ ಶುರುವಾದವು.

ಮಗಳ ವಿಷಯದಲ್ಲಿ ತಾಳ್ಮೆ ಬೇಕು ಅಕ್ಕ. ಈ ವಯಸ್ಸಿನ ಹುಡುಗಿಯರು ಸುಮ್ನೆ ಸೋಮಾರಿಗಳಾಗಿ ಆಟ ಬಿಡುವುದಿಲ್ಲ. ಮುಟ್ಟಿನ ದಿನ, ಮೈಗೆ ಅಂಟುವ ಬಟ್ಟೆ, ಮೈದಾನದಲ್ಲಿ ಟಾಯ್ಲೆಟ್ ಇಲ್ಲ, ನೋಡುತ್ತಾ ನಿಲ್ಲುವ ಹುಡುಗರು. ನಮ್ಮವಳು ನನ್ನ ಹತ್ತಿರ ‘ಬೋರು’ ಅಂತಷ್ಟೇ ಹೇಳುತ್ತಿದ್ದಳು. ಚಿಕ್ಕಮ್ಮನ ಹತ್ತಿರ ಬಾಯಿಬಿಟ್ಟಳು. ಸ್ಪೋರ್ಟ್ಸ್ ಬ್ರಾ, ಕಪ್ಪು ಟ್ರ್ಯಾಕ್ ಪ್ಯಾಂಟ್ ಕೊಡಿಸಿದೆವು. ಅವಳ ಗೆಳತಿಯನ್ನೂ ಸೇರಿಸಿ ಖೋ ಖೋಗೆ ಕಳಿಸಿದೆವು. ಮುಟ್ಟಿನಲ್ಲಿ ಓಡಬಾರದು ಅಂತ ಅತ್ತೆ ತಕರಾರು ತೆಗೆದರು. ನೋವು, ಸುಸ್ತು ಇಲ್ಲದಿದ್ದರೆ ಆಡಬಹುದು ಅಂತ ಡಾಕ್ಟರು ಹೇಳಿದ ಮೇಲೆ ಸುಮ್ಮನಾದರು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದರಲ್ಲ ನಮ್ಮ ಹುಡುಗಿಯರು, ಆ ತಂಡದಲ್ಲಿ ಟಿ. ನರಸೀಪುರದ ಕಡೆಯ ಚೈತ್ರಾ ಇದ್ದರು. ಪಕ್ಕದ ತಾಲ್ಲೂಕಿನವರು ಅಂತ ಗೊತ್ತಾದ ಮೇಲೆ ಆ ವಿಡಿಯೊ ಎಷ್ಟು ಸಲ ನೋಡಿದಳೋ! ನನ್ನ ಭಾಷಣಕ್ಕಿಂತ ಅದೇ ಜಾಸ್ತಿ ಕೆಲಸ ಮಾಡಿತು.

ಶಿವಮೊಗ್ಗದ ಪಿಟಿ ಮೇಷ್ಟ್ರು: 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಸಲಕ್ಕೆ ಆಗಬೇಕು ಅಂತೇನಿಲ್ಲ. ಶಾಲೆಗೆ ಬಿರುಸಾಗಿ ನಡೆದದ್ದು, ಸೈಕಲ್ ತುಳಿದದ್ದು ಎಲ್ಲ ಲೆಕ್ಕಕ್ಕೆ ಬರುತ್ತದೆ. ವಾರಕ್ಕೆ ಮೂರು ದಿನವಾದರೂ ಏದುಸಿರು ಬರುವ ಆಟ, ಮೂಳೆ ಗಟ್ಟಿಯಾಗುವ ಆಟ ಇರಲಿ. ಓಟ, ಸ್ಕಿಪ್ಪಿಂಗ್, ಕಬಡ್ಡಿ, ಯಾವುದಾದರೂ ಸರಿ. ದಯವಿಟ್ಟು ಶಿಕ್ಷೆ ಅಂತ ಬಸ್ಕಿ ಹೊಡೆಸಬೇಡಿ, ಮೈದಾನ ಸುತ್ತಿಸಬೇಡಿ. ಹಾಗೆ ಬೆಳೆದ ಮಕ್ಕಳು ‘ಓಡು’ ಅಂದರೆ ‘ನಾನೇನು ತಪ್ಪು ಮಾಡಿದೆ ಸಾರ್?’ ಅಂತ ಕೇಳುತ್ತವೆ.

ಬೆಂಗಳೂರಿನ ಒಬ್ಬ ಅಪ್ಪ: ನಮ್ಮದು ಅಪಾರ್ಟ್‌ಮೆಂಟು. ಕೆಳಗೆ ಚೆಂಡಾಟ ನಿಷೇಧ ಅಂತ ಬೋರ್ಡು, ಮಕ್ಕಳು ಆಡುವುದಿಲ್ಲ ಅಂತ ಮೀಟಿಂಗಿನಲ್ಲಿ ಕೊರಗು! ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಅಲ್ಲಿಗೆ ಹೋಗುತ್ತೇವೆ. ವಾರದ ದಿನ ಮಗಳ ಜೊತೆ ನಾನೇ ಶಟಲ್ ಆಡುತ್ತೇನೆ. ಸೋತವರು ಪಾತ್ರೆ ತೊಳೆಯಬೇಕು. ಫೋನು ಇಬ್ಬರದೂ ಮನೆಯಲ್ಲೇ.

ಕೇಳಿದವರು: ಇವಳನ್ನೂ ಇವಳ ಚಿಕ್ಕಮ್ಮನ ಹತ್ತಿರ ಕಳಿಸುತ್ತೇನೆ. ಮೇಷ್ಟ್ರೇ, ಎಸ್ಸೆಸ್ಸೆಲ್ಸಿಗೆ ಬಂದಾಗ ಆಟ ಬಿಡಿಸಲೇಬೇಕಲ್ವಾ?

ಮೇಷ್ಟ್ರು: ಬೇಡಮ್ಮ. ಹೊತ್ತು ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಆ ವರ್ಷ ಬಿಟ್ಟವರು ಕಾಲೇಜಿನಲ್ಲಿ ಮತ್ತೆ ಮೈದಾನಕ್ಕೆ ಬಂದದ್ದನ್ನು ನಾನು ನೋಡಿದ್ದು ಕಡಿಮೆ. ಸದ್ಯಕ್ಕೆ ನಿಮ್ಮ ಜಿಲ್ಲಾ ಕ್ರೀಡಾಂಗಣದಲ್ಲಿ ವಿಚಾರಿಸಿ. ಬೇಸಿಗೆ ರಜೆಯಲ್ಲಿ ಕ್ರೀಡಾ ಇಲಾಖೆಯವರು ಶಿಬಿರ ನಡೆಸುತ್ತಾರೆ.