ಅಟ್ಟದಲ್ಲಿ ಸಿಕ್ಕ ಪಿಂಗಾಣಿ ಜಗ್: ಈ ಹೆಂಗಸಿನ ತಲೆ ಯಾಕೆ ಹೀಗೆ?

ಪೆರ್ಲದ ಸೊಸೆ:
ಅಟ್ಟ ಗುಡಿಸುವಾಗ ಅಡಿಕೆ ಗೋಣಿಗಳ ಹಿಂದೆ ಒಂದು ಬಿಳಿ ಪಿಂಗಾಣಿ ಜಗ್ ಸಿಕ್ಕಿತು. ಮೇಲೆ ಕಪ್ಪು ಗೆರೆಯ ಚಿತ್ರ. ಒಬ್ಬಳು ಕೂತಿದ್ದಾಳೆ, ಕೂದಲು ಅವಳಷ್ಟೇ ಎತ್ತರ. ಒಬ್ಬ ಏಣಿ ಹತ್ತಿ ಅದನ್ನು ಸರಿ ಮಾಡುತ್ತಿದ್ದಾನೆ! ಅತ್ತೆ ನೋಡಿ, "ಯಕ್ಷಗಾನದ ಬಣ್ಣದ ವೇಷದವ ಚೌಕಿಯಲ್ಲಿ ಕೂತ ಹಾಗುಂಟಲ್ಲ" ಎಂದರು. ಅಡಿಯಲ್ಲಿ 'ಮೇಡ್ ಇನ್ ಇಂಗ್ಲೆಂಡ್' ಅಂತ ಇದೆ. 250 ವರ್ಷ ಹಳೆಯದು, ಕೈಯಲ್ಲೇ ಬರೆದದ್ದು ಅಂತ ಗಂಡನ ಚಿಕ್ಕಪ್ಪನ ವಾದ. ಈಗಲೇ ಪಾಲಿನ ಮಾತು ಶುರುವಾಗಿದೆ. ಗೊತ್ತಿದ್ದವರು ಹೇಳಿ.

ಪಿಂಗಾಣಿ ಮರುಳ:
ಅಕ್ಕಾ, ಪಾಲಿಗೆ ಅವಸರ ಬೇಡ. 'ಮೇಡ್ ಇನ್' ಅಂತ ಇದ್ದರೆ ಜಗ್ ಸಾಮಾನ್ಯವಾಗಿ 20ನೇ ಶತಮಾನದ್ದು. ಹೊರಗಿನಿಂದ ಬರುವ ಸಾಮಾನಿಗೆ ದೇಶದ ಹೆಸರು ಬೇಕೇ ಬೇಕು ಅಂತ ಅಮೆರಿಕ ತಂದ ಕಾನೂನು 1891ರಲ್ಲಿ ಜಾರಿಯಾದ ಮೇಲೆ ಇಂಥ ಮುದ್ರೆ ಜಾಸ್ತಿಯಾಯಿತು.

ತಮಾಷೆ ಮಾತ್ರ ನಿಜಕ್ಕೂ ಹಳೆಯದು. 1770ರ ದಶಕದಲ್ಲಿ ಲಂಡನ್ನಿನ ಸಿರಿವಂತ ಹೆಂಗಸರು ಉಣ್ಣೆ, ಕುದುರೆಗೂದಲು ತುಂಬಿದ ದಿಂಬನ್ನು ತಲೆ ಮೇಲಿಟ್ಟು, ಅದರ ಮೇಲೆ ಕೂದಲು ಎಳೆದು, ಕೊಬ್ಬು ಬಳಿದು, ಪುಡಿ ಉದುರಿಸುತ್ತಿದ್ದರು. (ಸೆಕೆಯಲ್ಲಿ ಆ ವಾಸನೆ ಯೋಚಿಸಿ!) ಮ್ಯಾಥ್ಯೂ ಡಾರ್ಲಿ, ಮೇರಿ ಡಾರ್ಲಿ ಅಂತ ಗಂಡ ಹೆಂಡತಿ ಸ್ಟ್ರಾಂಡ್ ಬೀದಿಯಲ್ಲಿ ಅಂಗಡಿ ಇಟ್ಟು ಇಂಥ ಲೇವಡಿ ಚಿತ್ರಗಳನ್ನು ಮಾರಿದರು. ಗಂಡಸರನ್ನೂ ಬಿಡಲಿಲ್ಲ. ಇಟಲಿ ಸುತ್ತಿ ಬಂದು ಶೋಕಿ ಮಾಡುವವರಿಗೆ 'ಮ್ಯಾಕರೋನಿ' ಅಂತ ಅಡ್ಡಹೆಸರು. ಈ ನಗೆಯೆಲ್ಲ ಕಾಗದದಿಂದ ಜಗ್, ತಟ್ಟೆಗಳಿಗೂ ಇಳಿಯಿತು.

ಕೈಬರಹ ಅಂತೂ ಅಲ್ಲ ಅನಿಸುತ್ತದೆ. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಬಣ್ಣ ತುಂಬಿ, ತೆಳು ಕಾಗದಕ್ಕೆ ಒತ್ತಿ, ಆ ಕಾಗದವನ್ನು ಪಾತ್ರೆಗೆ ಅಂಟಿಸಿ ಉಜ್ಜುತ್ತಿದ್ದರು. ಲಿವರ್‌ಪೂಲಿನ ಜಾನ್ ಸ್ಯಾಡ್ಲರ್, ಗೈ ಗ್ರೀನ್ 1756ರಲ್ಲಿ ಪ್ರಮಾಣ ಮಾಡಿ ಬರೆದುಕೊಟ್ಟಿದ್ದಾರೆ: ಆರು ಗಂಟೆಯಲ್ಲಿ 1200ಕ್ಕೂ ಜಾಸ್ತಿ ಟೈಲ್ಸ್ ಮೇಲೆ ಅಚ್ಚು ಹಾಕಿದ್ದೇವೆ ಅಂತ. ಭೂತಗನ್ನಡಿ ಹಿಡಿದು ನೋಡಿ. ನೆರಳೆಲ್ಲ ಸಣ್ಣ ಚುಕ್ಕೆ, ಗೆರೆಗಳಿಂದಲೇ ಆಗಿದ್ದರೆ ಅಚ್ಚು.

ಮುಳ್ಳೇರಿಯ ಮಾಸ್ಟ್ರು:
ಇನ್ನೊಂದು ಸೇರಿಸುತ್ತೇನೆ. 1795ರಲ್ಲಿ ಅಲ್ಲಿನ ಸರಕಾರ ಕೂದಲಿಗೆ ಪುಡಿ ಹಾಕುವವರ ಮೇಲೆ ವರ್ಷಕ್ಕೆ ಒಂದು ಗಿನಿ (ಅಲ್ಲಿನ ಚಿನ್ನದ ನಾಣ್ಯ) ತೆರಿಗೆ ಹಾಕಿತು. ಪುಡಿ ಬಿಟ್ಟವರು ಬಹಳ. ನಗೆಗೆ ಜಗ್ಗದವರು ತೆರಿಗೆಗೆ ಜಗ್ಗಿದರು.

ಪೆರ್ಲದ ಸೊಸೆ:
ನೋಡಿದೆ, ಬರೀ ಚುಕ್ಕೆ! ಚಿಕ್ಕಪ್ಪನಿಗೆ ಹೇಳಿದ್ದಕ್ಕೆ "ಭೂತಗನ್ನಡಿಯೇ ಸರಿ ಇಲ್ಲ" ಎಂದರು. ನನಗೊಂದು ಸಂಶಯ. ಇಂಥ ಚಿತ್ರಗಳನ್ನು ಆಗ ಕೊಂಡವರು ಯಾರು? ಉದ್ದ ತಲೆಯವರೇ ಕೊಂಡು ನಗುತ್ತಿದ್ದರಾ? ಮತ್ತೆ, ಕೊಳೆಗೆ ಹುಣಸೆಹುಳಿ ಹಾಕಿ ಉಜ್ಜಬಹುದಾ?

ಪಿಂಗಾಣಿ ಮರುಳ:
ಅವರೂ ಕೊಂಡಿರಬಹುದು. ಪಕ್ಕದ ಮನೆಯವಳ ತಲೆ ಅಂದುಕೊಂಡು! ಹುಳಿ, ಬೂದಿ ಖಂಡಿತ ಬೇಡ. ಪಾತ್ರೆಯ ಗಾಜಿನಂಥ ಹೊಳಪು ಲೇಪದ ಮೇಲೆ ಹಾಕಿದ ಅಚ್ಚಾದರೆ ಉಜ್ಜಿದಷ್ಟೂ ಸವೆಯುತ್ತದೆ. ಮೆತ್ತನೆ ಬಟ್ಟೆ, ಉಗುರುಬೆಚ್ಚಗಿನ ನೀರು ಸಾಕು.