ಮೂರು ವೆಬ್ ಅಪ್ಲಿಕೇಶನ್‌ಗಳಿಗೆ ಒಂದೇ ಡೇಟಾಬೇಸ್ ಸಾಕೇ?

ಪ್ರಶ್ನೆ (ಕಲಬುರಗಿ):
ಇಲ್ಲಿನ ಒಂದು ದಾಲ್ ಮಿಲ್‌ಗಾಗಿ ನಾವು ಮೂರು ವೆಬ್ ಅಪ್ಲಿಕೇಶನ್‌ಗಳನ್ನು ನಡೆಸುತ್ತಿದ್ದೇವೆ. ರೈತರಿಂದ ತೊಗರಿ ಖರೀದಿಸಿದ ಲೆಕ್ಕ ಮತ್ತು ಗೋದಾಮಿನ ದಾಸ್ತಾನು ಎರಡು ಜಾಂಗೊ (ಪೈಥಾನ್‌ನ ವೆಬ್ ಚೌಕಟ್ಟು) ಅಪ್ಲಿಕೇಶನ್‌ಗಳಲ್ಲಿವೆ. ವ್ಯಾಪಾರಿಗಳು ಬೇಳೆಗೆ ಆರ್ಡರ್ ಕೊಡುವ ತಾಣ ಲಾರಾವೆಲ್ ಎಂಬ ಪಿಎಚ್‌ಪಿ ಚೌಕಟ್ಟಿನಲ್ಲಿದೆ. ಪ್ರತಿಯೊಂದಕ್ಕೂ ಬೇರೆ ಡೇಟಾಬೇಸ್ ಇರುವುದರಿಂದ ದಾಸ್ತಾನಿನ ಅಂಕಿಗಳನ್ನು ರಾತ್ರಿಗೊಮ್ಮೆ ನಕಲು ಮಾಡುತ್ತೇವೆ. ಹೀಗಾಗಿ ಬೆಳಿಗ್ಗೆಯೇ ಮಾರಾಟವಾದ ಚೀಲಗಳು ಸಂಜೆಯವರೆಗೂ ಲಭ್ಯವೆಂದೇ ಕಾಣುತ್ತವೆ. ಮೂರನ್ನೂ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಜೋಡಿಸಿದರೆ ಯಾವ ತೊಡಕುಗಳು ಎದುರಾಗಬಹುದು?

ಉತ್ತರ (ಬೀದರ್):
ಧಾರಾಳವಾಗಿ ಜೋಡಿಸಬಹುದು. ಹಲವರು ಏಕಕಾಲಕ್ಕೆ ಓದಿ ಬರೆಯುವುದನ್ನು ಟ್ರಾನ್ಸಾಕ್ಷನ್‌ಗಳು (ಪೂರ್ತಿ ನಡೆಯುವ, ಇಲ್ಲವೇ ನಡೆಯದೇ ಉಳಿಯುವ ಕೆಲಸದ ಗುಂಪುಗಳು) ನಿಭಾಯಿಸುತ್ತವೆ. ನಿಜವಾದ ತೊಡಕು ಟೇಬಲ್‌ನ ಒಡೆತನದ್ದು: ದಾಸ್ತಾನಿನ ತಂಡ ಒಂದು ಕಾಲಂನ ಹೆಸರು ಬದಲಿಸಿದರೆ, ಅದರ ಸುಳಿವೇ ಇಲ್ಲದ ಆರ್ಡರ್ ತಾಣ ಆ ಕ್ಷಣವೇ ಮುರಿದು ಬೀಳುತ್ತದೆ. ಆದ್ದರಿಂದ ಪ್ರತಿ ಅಪ್ಲಿಕೇಶನ್‌ಗೂ ಪ್ರತ್ಯೇಕ ಸ್ಕೀಮಾ (ಡೇಟಾಬೇಸ್‌ನೊಳಗೆ ಟೇಬಲ್‌ಗಳನ್ನು ಬೇರ್ಪಡಿಸುವ ವಿಭಾಗ) ಹಾಗೂ ಪ್ರತ್ಯೇಕ ರೋಲ್ (ಹಕ್ಕುಗಳನ್ನು ಪಡೆಯುವ ಡೇಟಾಬೇಸ್ ಖಾತೆ) ಇರಲಿ. ಒಂದು ಟೇಬಲ್‌ಗೆ ಬರೆಯುವ ಮತ್ತು ಅದರ ರಚನೆ ಬದಲಿಸುವ ಹಕ್ಕು ಒಂದೇ ಅಪ್ಲಿಕೇಶನ್‌ಗೆ ಇರಲಿ. ಉಳಿದವುಗಳಿಗೆ ವ್ಯೂ (ಟೇಬಲ್‌ನ ಆಯ್ದ ಮಾಹಿತಿಯನ್ನು ತೋರಿಸುವ ಕಿಟಕಿ) ಒದಗಿಸಿ, ಅದರ ಮೇಲೆ ಓದುವ ಅನುಮತಿ ಮಾತ್ರ ಕೊಡಿ. ಒಳಗಿನ ಟೇಬಲ್ ಬದಲಾದರೂ ವ್ಯೂನ ಕಾಲಂಗಳನ್ನು ಹಾಗೆಯೇ ಉಳಿಸಿಕೊಳ್ಳಬಹುದು.

ಉತ್ತರ (ಯಾದಗಿರಿ):
ಎರಡು ಜಾಂಗೊ ಯೋಜನೆಗಳು ಒಂದೇ ಸ್ಕೀಮಾದಲ್ಲಿದ್ದರೆ ಮೈಗ್ರೇಶನ್ (ಟೇಬಲ್‌ಗಳ ರಚನೆಯ ಬದಲಾವಣೆ) ದಾಖಲೆಯ ಟೇಬಲ್ ಮತ್ತು ಬಳಕೆದಾರರ ಟೇಬಲ್ ಎರಡೂ ಪರಸ್ಪರ ಡಿಕ್ಕಿಯಾಗುತ್ತವೆ. ಮೇಲೆ ಹೇಳಿದ ಪ್ರತ್ಯೇಕ ಸ್ಕೀಮಾ ಇದಕ್ಕೂ ಪರಿಹಾರ. ಸಂಪರ್ಕಗಳ ಲೆಕ್ಕವನ್ನೂ ಮರೆಯಬೇಡಿ: ಪೋಸ್ಟ್‌ಗ್ರೆಸ್‌ನ ಮೂಲ ಮಿತಿ 100. ತೊಗರಿಯ ಆವಕ ಏರುವ ಜನವರಿಯಲ್ಲಿ ಖರೀದಿ ವಿಭಾಗವೇ ಅಷ್ಟನ್ನೂ ಹಿಡಿದುಕೊಂಡರೆ ಉಳಿದೆರಡೂ ನಿಲ್ಲುತ್ತವೆ. ಪ್ರತಿ ರೋಲ್‌ಗೂ ಮಿತಿ ಹಾಕಿ, ಡೇಟಾಬೇಸ್‌ನ ಮುಂದೆ ಪಿಜಿಬೌನ್ಸರ್ (ಕೆಲವೇ ಸಂಪರ್ಕಗಳನ್ನು ಹಲವರಿಗೆ ಹಂಚುವ ತಂತ್ರಾಂಶ) ಇಡಿ.

ಪ್ರಶ್ನೆ ಕೇಳಿದವರು:
ಆರ್ಡರ್ ತಾಣಕ್ಕೆ ಓದುವ ಹಕ್ಕು ಮಾತ್ರ ಇದ್ದರೆ, ಕೊನೆಯ ಚೀಲಗಳಿಗೆ ಇಬ್ಬರು ವ್ಯಾಪಾರಿಗಳು ಒಟ್ಟಿಗೇ ಆರ್ಡರ್ ಕೊಟ್ಟಾಗ ಏನು ಮಾಡುವುದು?

ಉತ್ತರ (ಬೀದರ್):
ಬಹಳ ಮುಖ್ಯವಾದ ಪ್ರಶ್ನೆ. ವ್ಯೂ ನೋಡಿ ಆರ್ಡರ್ ಖಚಿತಪಡಿಸುವಂತಿಲ್ಲ. ದಾಸ್ತಾನಿನ ಸ್ಕೀಮಾದಲ್ಲಿಯೇ, ಒಡೆಯನ ಹಕ್ಕಿನಿಂದ ನಡೆಯುವ ಒಂದು ಫಂಕ್ಷನ್ ಬರೆಯಿರಿ. ಅದು ದಾಸ್ತಾನಿನ ಆ ಸಾಲನ್ನು ‘ಫಾರ್ ಅಪ್‌ಡೇಟ್’ ಮೂಲಕ ಲಾಕ್ ಮಾಡಿ (ಬೇರೆಯವರು ಬದಲಿಸದಂತೆ ಹಿಡಿದಿಟ್ಟು), ಉಳಿಕೆ ಸಾಕಷ್ಟಿದ್ದರೆ ಮಾತ್ರ ಕಳೆಯಲಿ, ಇಲ್ಲವಾದರೆ ನಿರಾಕರಿಸಲಿ. ಎರಡನೆಯ ವ್ಯಾಪಾರಿಯ ಕೋರಿಕೆ ಮೊದಲನೆಯದು ಮುಗಿಯುವವರೆಗೆ ಕಾದು, ಹೊಸ ಉಳಿಕೆಯನ್ನೇ ಕಾಣುತ್ತದೆ. ಫಂಕ್ಷನ್ ಚಲಾಯಿಸುವ ಅನುಮತಿ ಮೂಲತಃ ಎಲ್ಲ ರೋಲ್‌ಗಳಿಗೂ ಇರುತ್ತದೆ. ಅದನ್ನು ಮೊದಲು ಹಿಂಪಡೆದು, ಆರ್ಡರ್ ತಾಣದ ರೋಲ್‌ಗೆ ಮಾತ್ರ ಕೊಡಿ.