‘ಎಪಿಸೆಂಟರ್’ಗೆ ಕನ್ನಡದಲ್ಲಿ ಏನನ್ನೋಣ?

ಮೊನ್ನೆ ಫ್ಯಾಷನ್ ಬಗೆಗಿನ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೆ. ಅದರಲ್ಲಿ ಇಟಲಿಯ ಮಿಲಾನ್ ಊರನ್ನು ಫ್ಯಾಷನ್ನಿನ ‘ಎಪಿಸೆಂಟರ್’ ಅಂತ ಕರೆದಿದ್ದರು. ಕೈ ಅಲ್ಲೇ ನಿಂತಿತು. ಭೂಕಂಪದ ಮಾತಿಗೆ ಬಟ್ಟೆಯಂಗಡಿಯಲ್ಲಿ ಏನು ಕೆಲಸ? ಕೊನೆಗೆ ‘ಫ್ಯಾಷನ್ನಿನ ಕೇಂದ್ರಬಿಂದು’ ಅಂತ ಬರೆದು ಕಳಿಸಿದೆ. ಕಳಿಸಿದ ಮೇಲೂ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಈ ಪ್ರಶ್ನೆ.

ಮೊದಲು ಪದದ ಹುಟ್ಟು. ಗ್ರೀಕಿನಲ್ಲಿ ‘ಎಪಿ’ ಅಂದರೆ ಮೇಲೆ. ‘ಕೆಂಟ್ರಾನ್’ ಅಂದರೆ ಚೂಪು ಮೊನೆ. ಕೈವಾರದ ಮುಳ್ಳು ಊರುವ ಜಾಗ ಅಂತ ಆಗಿ, ಆಮೇಲೆ ವೃತ್ತದ ನಡು ಅನ್ನುವ ಅರ್ಥ ಬಂತು. ನಮ್ಮ ‘ಕೇಂದ್ರ’ವೂ ಇದೇ ಪದ. ಜ್ಯೋತಿಷ್ಯದ ಜೊತೆ ಗ್ರೀಕಿನಿಂದ ಸಂಸ್ಕೃತಕ್ಕೆ ಬಂದು ಹಾಗೇ ನಮ್ಮ ಮನೆಗೂ ಬಂದಿದೆ. ಹಾಗಾಗಿ ಸೆಂಟರ್ ಮತ್ತು ಕೇಂದ್ರ ಒಂದೇ ತಾಯಿಯ ಮಕ್ಕಳು. ಜಗಳ ಇರುವುದು ‘ಎಪಿ’ ಜೊತೆ.

ಭೂಮಿಯ ಒಳಗೆ ಬಂಡೆ ಬಿರಿದು ಜಾರಲು ಶುರುವಾಗುವ ಜಾಗವನ್ನು ಫೋಕಸ್ ಅಥವಾ ಹೈಪೋಸೆಂಟರ್ ಅನ್ನುತ್ತಾರೆ. ಅದರ ನೇರ ಮೇಲಕ್ಕೆ, ನೆಲದ ಮೈಮೇಲೆ ಬರುವ ಚುಕ್ಕೆ ಎಪಿಸೆಂಟರ್. ಅಂದರೆ ಅದು ಕೇಂದ್ರವೇ ಅಲ್ಲ, ಕೇಂದ್ರದ ನೆತ್ತಿ. ‘ಭೂಕಂಪದ ಎಪಿಸೆಂಟರ್ 10 ಕಿ.ಮೀ. ಆಳದಲ್ಲಿತ್ತು’ ಅಂತ ಸುದ್ದಿಯಲ್ಲಿ ಓದುತ್ತೇವಲ್ಲ, ಅದು ತಪ್ಪು. ನೆಲದ ಮೇಲಿನ ಚುಕ್ಕೆಗೆ ಆಳ ಎಲ್ಲಿಂದ ಬರಬೇಕು? ಆಳ ಇರುವುದು ಫೋಕಸ್‌ಗೆ. ಇಂಗ್ಲಿಷ್ ಪತ್ರಿಕೆಗಳೂ ಈ ತಪ್ಪು ಮಾಡುತ್ತವೆ, ಹಾಗಾಗಿ ನಮ್ಮವರನ್ನು ಮಾತ್ರ ಬೈಯುವ ಹಾಗಿಲ್ಲ. (ಆ 10 ಕಿ.ಮೀ. ಕೂಡ ಎಷ್ಟೋ ಸಲ ಅಳೆದ ಲೆಕ್ಕ ಅಲ್ಲ. ಆಳ ಸರಿಯಾಗಿ ಸಿಗದಿದ್ದಾಗ ಅಮೆರಿಕದ ಭೂಗರ್ಭ ಇಲಾಖೆಯವರು ಸುಮ್ನೆ 10 ಅಂತ ಇಟ್ಟುಕೊಂಡು ಉಳಿದ ಲೆಕ್ಕ ಮಾಡುತ್ತಾರೆ.)

ನಾನು ಬೀದರ್ ಕಡೆಯವನು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಪಕ್ಕದ ಮಹಾರಾಷ್ಟ್ರದ ಕಿಲ್ಲಾರಿ ನಡುಗಿದಾಗ ನಮ್ಮ ಮನೆಯ ಪಾತ್ರೆಗಳೂ ಗಲಗಲ ಅಂದಿದ್ದವು. ಹಿಂದಿನ ದಿನವಷ್ಟೇ ಗಣಪತಿ ಮುಳುಗಿಸಿ ಬಂದಿದ್ದೆವು. ತೀವ್ರತೆ 6.2. ಕಲ್ಲು ಮಣ್ಣಿನ ದಪ್ಪ ಗೋಡೆಯ ಮನೆಗಳು ಮಲಗಿದ್ದವರ ಮೇಲೇ ಕುಸಿದವು. ಸುಮಾರು 10,000 ಜನ ಸತ್ತರು. ಅಲ್ಲಿ ಎಪಿಸೆಂಟರ್ ಮತ್ತು ಹಾಳಾದ ಊರುಗಳು ಹತ್ತಿರ ಹತ್ತಿರವೇ ಇದ್ದವು. ಅದಕ್ಕೇ ಎಪಿಸೆಂಟರ್ ಅಂದರೆ ಎಲ್ಲಕ್ಕಿಂತ ಜಾಸ್ತಿ ಪೆಟ್ಟು ತಿಂದ ಜಾಗ ಅಂತ ನನ್ನ ತಲೆಯಲ್ಲಿ ಬಹಳ ವರ್ಷ ಕೂತಿತ್ತು.

ಅದು ಹಾಗೇ ಇರಬೇಕೆಂದಿಲ್ಲ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋದಲ್ಲಿ ಆದದ್ದು ನೋಡಿ. ಎಪಿಸೆಂಟರ್ ಇದ್ದದ್ದು ಪೆಸಿಫಿಕ್ ಕರಾವಳಿಯ ಹತ್ತಿರ. ಸಾವಿರಾರು ಜನ ಸತ್ತದ್ದು ಅಲ್ಲಿಂದ 350 ಕಿ.ಮೀ.ಗೂ ದೂರದ ಮೆಕ್ಸಿಕೋ ಸಿಟಿಯಲ್ಲಿ. ಆ ನಗರದ ಬಹುಭಾಗ ಹಳೆಯ ಕೆರೆಯ ಹೂಳಿನ ಮೇಲೆ ಕೂತಿದೆ. ಮೆತ್ತನೆಯ ನೆಲ ಅಲೆಯನ್ನು ಹಿಗ್ಗಿಸಿ ಕಟ್ಟಡಗಳನ್ನು ತೂಗಿಬಿಟ್ಟಿತು. ಇನ್ನೊಂದು ತುದಿಯಲ್ಲಿ, 2013ರ ಮೇ 24ರಂದು ರಷ್ಯಾದ ಒಖೋಟ್ಸ್ಕ್ ಸಮುದ್ರದ ಕೆಳಗೆ 8.3ರ ಭೂಕಂಪ ಆಯಿತು. ಆಳ ಸುಮಾರು 600 ಕಿ.ಮೀ. ನಡುಕ ದೂರದ ಮಾಸ್ಕೋದವರೆಗೆ ಗೊತ್ತಾಯಿತು, ಹಾನಿ ಮಾತ್ರ ಹೇಳಿಕೊಳ್ಳುವಷ್ಟು ಇಲ್ಲ.

ಹಿರೋಶಿಮಾದಲ್ಲಿ ಈ ಪದಗಳು ತಲೆಕೆಳಗಾಗುತ್ತವೆ. ಬಾಂಬು ಸಿಡಿದದ್ದು ನೆಲದಿಂದ ಸುಮಾರು 600 ಮೀಟರ್ ಮೇಲೆ. ಹಾಗಾಗಿ ಅದರ ನೇರ ಕೆಳಗಿನ ನೆಲದ ಚುಕ್ಕೆಯನ್ನು ಅಲ್ಲಿ ಹೈಪೋಸೆಂಟರ್ ಅನ್ನುತ್ತಾರೆ. ‘ಹೈಪೋ’ ಅಂದರೆ ಕೆಳಗೆ. ಅದೇ ಪದ ಭೂಕಂಪದಲ್ಲಿ ನೆಲದೊಳಗಿನ ಜಾಗ! ನಾವು ನಿಂತ ನೆಲ ಅದೇ, ಏಟು ಮೇಲಿಂದ ಬಂತೋ ಕೆಳಗಿಂದ ಬಂತೋ ಅನ್ನುವುದರ ಮೇಲೆ ಹೆಸರು ಬದಲಾಗುತ್ತದೆ.

ಇನ್ನು ದಿನಬಳಕೆಯ ಇಂಗ್ಲಿಷ್. ಅಲ್ಲಿ ‘ಎಪಿ’ ತನ್ನ ಅರ್ಥ ಕಳೆದುಕೊಂಡಿದೆ. ಬರೀ ಸೆಂಟರ್ ಅಂದರೆ ಸಪ್ಪೆ, ಎಪಿಸೆಂಟರ್ ಅಂದರೆ ಖಾರ ಜಾಸ್ತಿ, ಅಷ್ಟೇ. ಬಳಕೆಯಲ್ಲಿ ನನಗೆ ಮೂರು ಅರ್ಥ ಕಾಣುತ್ತಿವೆ. ಮಿಲಾನ್ ಥರ ಎಲ್ಲವೂ ಬಂದು ಸೇರುವ ಜಾಗ. ಏನೋ ಒಂದು ಶುರುವಾದ ಜಾಗ. ಪೆಟ್ಟು ಜಾಸ್ತಿ ಬಿದ್ದ ಜಾಗ. ಕೊರೊನಾ ಕಾಲದಲ್ಲಿ ಕೊನೆಯ ಎರಡೂ ಕಲಸಿಹೋದವು. ವುಹಾನ್ ಎಪಿಸೆಂಟರ್ ಅಂದರು. 2020ರ ಮಾರ್ಚ್ 13ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಈಗ ಯುರೋಪ್ ಎಪಿಸೆಂಟರ್ ಆಗಿದೆ ಅಂದರು. ಭೂಕಂಪದ ಎಪಿಸೆಂಟರ್ ಹೀಗೆ ಊರೂರು ತಿರುಗುವುದಿಲ್ಲ, ಅಲ್ವಾ?

ಇಂಗ್ಲಿಷಿನವರು ಹೀಗೆ ಬಳಸಿದ್ದಕ್ಕೆ ನನ್ನ ತಕರಾರಿಲ್ಲ. ಅವರ ಪದ, ಅವರ ಬಾಯಿ. ನಾವು ಮಾತ್ರ ಮೂರಕ್ಕೂ ‘ಕೇಂದ್ರಬಿಂದು’ ಅಂತ ಒಂದೇ ಮುದ್ರೆ ಒತ್ತುವುದು ಸೋಮಾರಿತನ ಅನ್ನಿಸುತ್ತದೆ. ಶುರುವಾದ ಜಾಗಕ್ಕೆ ನಮ್ಮಲ್ಲಿ ‘ತವರು’ ಇದೆ, ‘ಮೂಲ’ ಇದೆ. ಆದರೆ ರೋಗಕ್ಕೆ ತವರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಲ್ಲಿ ‘ಈಗ ಸೋಂಕು ಎಲ್ಲಕ್ಕಿಂತ ಜಾಸ್ತಿ ಇರುವುದು ಯುರೋಪಿನಲ್ಲಿ’ ಅಂತ ಬಿಡಿಸಿ ಹೇಳಿದರೆ ಸಾಕು. ಮಿಲಾನ್ ವಾಕ್ಯವನ್ನು ಈಗ ‘ಫ್ಯಾಷನ್ ಅಂದರೆ ಮಿಲಾನ್’ ಅಂತ ತಿದ್ದಿದ್ದೇನೆ. ಎಪಿಯೂ ಇಲ್ಲ, ಸೆಂಟರೂ ಇಲ್ಲ, ಹೇಳಬೇಕಾದ್ದು ಬಂತು.

ಉಳಿದದ್ದು ವಿಜ್ಞಾನದ ಅರ್ಥ. ಹಿಂದಿ ಪಾಠಪುಸ್ತಕಗಳಲ್ಲಿ ‘ಅಧಿಕೇಂದ್ರ’ ಇದೆ. ಅದನ್ನೇ ತಂದರೆ ಕನ್ನಡದ ಕಿವಿಗೆ ‘ಅಧಿಕ’ ಕೇಳಿಸಿ, ಜಾಸ್ತಿ ಅಲುಗಿದ ಜಾಗ ಅಂತ ಮತ್ತೆ ಅದೇ ಗೊಂದಲ. ಒಳಗಿನದ್ದಕ್ಕೆ ‘ಕಂಪದ ಕೇಂದ್ರ’, ಮೇಲಿನದ್ದಕ್ಕೆ ‘ಕಂಪದ ನೆತ್ತಿ’ ಅಂದರೆ ಹೇಗೆ? ‘ಕಂಪದ ನೆತ್ತಿ ಗುಜರಾತಿನ ಭಚಾವ್ ಹತ್ತಿರ, ಕೇಂದ್ರ ಅದರ ಕೆಳಗೆ ಹದಿನೈದಿಪ್ಪತ್ತು ಕಿ.ಮೀ. ಆಳದಲ್ಲಿ’ ಅಂತ 2001ರ ಭುಜ್ ಭೂಕಂಪದ ಬಗ್ಗೆ ಬರೆದು ನೋಡಿದೆ. ನನಗೆ ಓದಲು ತೊಡಕಾಗಲಿಲ್ಲ. ಒಂದೇ ಅನುಮಾನ: ‘ಕಂಪು’ ಅಂದರೆ ಸುವಾಸನೆ ಕೂಡ. ಹಾಗಾದರೆ ‘ನಡುಕದ ನೆತ್ತಿ’ ವಾಸಿಯೇ? ಭೂಗೋಳ ಪಾಠ ಮಾಡುವವರು ತರಗತಿಯಲ್ಲಿ ಬಾಯಿಮಾತಿಗೆ ಏನನ್ನುತ್ತೀರಿ, ತಿಳಿಸಿ.